ಶಾಪಿಂಗ್ ಸೆಂಟರಿನಲ್ಲಿ ಊಟ ಎಲ್ಲಿ, ಸಿಹಿ ಎಲ್ಲಿ: ಆಯ್ಕೆಗೊಂದು ಹೋಲಿಕೆ

ಊರಿನ ಹೊರವಲಯದಲ್ಲಿರುವ ದೊಡ್ಡ ಶಾಪಿಂಗ್ ಸೆಂಟರಿಗೆ ಹೋದವರು ಅಲ್ಲಿಯೇ ಹೊಟ್ಟೆ ತುಂಬಿಸಿಕೊಳ್ಳಬೇಕಾಗುವುದು ಹೆಚ್ಚು. ಸುತ್ತಲೂ ವಾಹನ ನಿಲ್ಲಿಸುವ ಬಯಲು, ಅದರಾಚೆ ಹೆದ್ದಾರಿ. ನಡೆದು ಹೋಗಿ ಬರುವಷ್ಟು ಹತ್ತಿರದಲ್ಲಿ ಬೇರೊಂದು ಹೋಟೆಲು ಇರುವುದು ಅಪರೂಪ. ಕಟ್ಟಡದ ಒಳಗಾದರೋ ಆಯ್ಕೆಗೆ ಕೊರತೆಯಿಲ್ಲ. ಫುಡ್ ಕೋರ್ಟ್, ಬಡಿಸುವವರಿರುವ ರೆಸ್ಟೋರೆಂಟ್, ಕೆಫೆ, ಓಡಾಡುವ ದಾರಿಯ ನಡುವೆಯೇ ನಿಂತಿರುವ ಸಿಹಿತಿಂಡಿಯ ಪುಟ್ಟ ಮಳಿಗೆಗಳು ಎಲ್ಲವೂ ಒಂದೇ ಸೂರಿನಡಿ ಇರುತ್ತವೆ. ಹಸಿದು ದಣಿದ ಹೊತ್ತಿನಲ್ಲಿ ಇಷ್ಟರ ನಡುವೆ ಆರಿಸಬೇಕಾಗಿ ಬಂದಾಗ ಹೆಚ್ಚಿನವರು ಎದುರಿಗೆ ಮೊದಲು ಕಂಡ ಕಡೆ ಕುಳಿತುಬಿಡುತ್ತಾರೆ, ಸಿಹಿಯನ್ನೂ ಅಲ್ಲಿಯೇ ಮುಗಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಊಟ ಮತ್ತು ಸಿಹಿ ಎರಡು ಬೇರೆ ಬೇರೆ ತೀರ್ಮಾನಗಳು, ಅವುಗಳ ಅಳತೆಗೋಲುಗಳೂ ಬೇರೆ. ಊಟದ ಜಾಗವನ್ನು ಜೊತೆಗಿರುವವರನ್ನೂ ಕೈಯಲ್ಲಿರುವ ಸಮಯವನ್ನೂ ನೋಡಿ ಆರಿಸಬೇಕು. ಸಿಹಿಯ ಜಾಗವನ್ನು ಆ ಗಳಿಗೆಯಲ್ಲಿ ಕಣ್ಣೆದುರು ಏನು ತಯಾರಾಗುತ್ತಿದೆ ಎಂಬುದನ್ನು ನೋಡಿ ಆರಿಸಬೇಕು.

ಊಟದ ಮಾತನ್ನು ಮೊದಲು ಎತ್ತಿಕೊಳ್ಳೋಣ. ಪೂರ್ತಿಯಾಗಿ ಮುಚ್ಚಿದ, ಒಳಗಿನ ಹವೆಯನ್ನು ಹದವಾಗಿಟ್ಟ ಉಪನಗರದ ಶಾಪಿಂಗ್ ಮಾಲ್ ಎಂಬ ಮಾದರಿಯನ್ನು ರೂಪಿಸಿದವರು ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್. ಅವರ ವಿನ್ಯಾಸದ ಸೌತ್‌ಡೇಲ್ ಸೆಂಟರ್ 1956ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದ ಹೊರವಲಯದಲ್ಲಿ ತೆರೆಯಿತು. ಹಲವು ಅಡುಗೆ ಕೌಂಟರುಗಳನ್ನು ಒಂದೆಡೆ ಸೇರಿಸಿ ನಡುವೆ ಸಾಮೂಹಿಕ ಮೇಜುಗಳನ್ನು ಹಾಕುವ ಫುಡ್ ಕೋರ್ಟ್ ನೆಲೆಯೂರಿದ್ದು ಅದಾದ ಬಹಳ ವರ್ಷಗಳ ಮೇಲೆ. ನ್ಯೂಜೆರ್ಸಿಯ ಪರಾಮಸ್ ಪಾರ್ಕ್ ಮಾಲ್‌ನಲ್ಲಿ 1974ರಲ್ಲಿ ಮೇಲಿನ ಮಹಡಿಯಲ್ಲಿ ತೆರೆದ ಫುಡ್ ಕೋರ್ಟನ್ನು ಈ ಬಗೆಯ ಮೊದಲ ಯಶಸ್ವಿ ಪ್ರಯೋಗಗಳಲ್ಲಿ ಒಂದೆಂದು ಗುರುತಿಸುತ್ತಾರೆ. ಇಂದಿಗೂ ಅನೇಕ ಕಡೆ ಫುಡ್ ಕೋರ್ಟ್ ಮೇಲಿನ ಮಹಡಿಯಲ್ಲಿ, ಸಿನಿಮಾ ಮಂದಿರದ ಪಕ್ಕದಲ್ಲಿ ಇರುತ್ತದೆ. ಗಿರಾಕಿಗಳು ಅಲ್ಲಿಯವರೆಗೆ ಹತ್ತಿಹೋಗುವಾಗ ದಾರಿಯ ಅಂಗಡಿಗಳನ್ನೆಲ್ಲ ಹಾದು ಹೋಗಲಿ ಎಂಬುದು ಈ ಏರ್ಪಾಡಿನ ಲೆಕ್ಕಾಚಾರ. ತಿನ್ನುವವರಿಗೆ ಇದರ ನೇರ ಪರಿಣಾಮವೊಂದಿದೆ: ಸಿನಿಮಾ ಬಿಡುವ ಹೊತ್ತಿಗೆ ಅಲ್ಲಿ ಒಮ್ಮೆಲೇ ನೂಕುನುಗ್ಗಲಾಗುತ್ತದೆ. ಊಟದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಹೋದರೆ ಸಾಲೂ ಚಿಕ್ಕದು, ಮೇಜೂ ಸಿಗುತ್ತದೆ.

ಫುಡ್ ಕೋರ್ಟಿನ ದೊಡ್ಡ ಗುಣವೆಂದರೆ ಒಬ್ಬರ ಇಷ್ಟಕ್ಕೆ ಇನ್ನೊಬ್ಬರು ಕಟ್ಟುಬೀಳಬೇಕಾಗಿಲ್ಲ ಎಂಬುದು. ಮಾಂಸ ಮುಟ್ಟದವರು, ಖಾರ ಬೇಕೆನ್ನುವವರು, ಹುರಿದ ಆಲೂಗಡ್ಡೆ ಬಿಟ್ಟು ಬೇರೇನನ್ನೂ ಬಾಯಿಗಿಡದ ಮಕ್ಕಳು, ಸೂಪಿಷ್ಟು ಸಾಕು ಎನ್ನುವ ಹಿರಿಯರು ಒಂದೇ ಮೇಜಿನಲ್ಲಿ ಕುಳಿತು ಬೇರೆ ಬೇರೆ ಕೌಂಟರಿನ ಊಟ ಮಾಡಬಹುದು. ಬಿಲ್ ಹಂಚಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ, ಬೇಕಾದಾಗ ಎದ್ದು ಹೊರಡಬಹುದು. ಇದಕ್ಕೆ ತೆರಬೇಕಾದದ್ದು ನೆಮ್ಮದಿಯನ್ನು. ಗಟ್ಟಿ ನೆಲ, ಎತ್ತರದ ಚಾವಣಿ ಮತ್ತು ಲೋಹದ ಕುರ್ಚಿಗಳ ನಡುವೆ ಸದ್ದು ಮಾರ್ದನಿಗೊಂಡು ಮಾತು ಕೇಳಿಸುವುದೇ ಕಷ್ಟವಾಗುತ್ತದೆ. ಕಿವಿ ಸ್ವಲ್ಪ ಮಂದವಾಗಿರುವವರಿಗೆ, ಶ್ರವಣ ಸಾಧನ ಹಾಕಿಕೊಂಡವರಿಗೆ ಇದು ನಿಜವಾಗಿ ಬಳಲಿಸುವ ಜಾಗ. ಮತ್ತೊಂದು ತೊಡಕೆಂದರೆ ಎಲ್ಲರ ಊಟವೂ ಒಂದೇ ಹೊತ್ತಿಗೆ ಬರುವುದಿಲ್ಲ. ಒಬ್ಬರ ಟೋಕನ್ ಸಂಖ್ಯೆ ಬೇಗ ಬರುತ್ತದೆ, ಇನ್ನೊಬ್ಬರದು ಬರುವಷ್ಟರಲ್ಲಿ ಮೊದಲಿನವರ ತಟ್ಟೆ ಖಾಲಿಯಾಗಿರುತ್ತದೆ. ಜೊತೆಯಾಗಿ ಊಟ ಮಾಡುವುದೇ ಮುಖ್ಯವಾದ ದಿನ ಫುಡ್ ಕೋರ್ಟ್ ಸರಿಯಾದ ಜಾಗವಲ್ಲ.

ಫುಡ್ ಕೋರ್ಟಿಗೇ ಹೋಗುವುದೆಂದು ನಿಶ್ಚಯಿಸಿದರೆ, ಯಾವ ಕೌಂಟರ್ ಎಂಬುದನ್ನು ಮೆನುವಿನ ಚಿತ್ರ ನೋಡಿ ತೀರ್ಮಾನಿಸಬಾರದು. ಮೊದಲು ಒಬ್ಬರನ್ನು ಮೇಜು ಹಿಡಿಯಲು ಕೂರಿಸಿ, ಉಳಿದವರು ಎಲ್ಲ ಕೌಂಟರುಗಳ ಮುಂದೆ ಒಂದು ಸುತ್ತು ನಡೆದು ಬರುವುದು ಒಳ್ಳೆಯದು. ಬೇಯಿಸಿಟ್ಟ ಪದಾರ್ಥಗಳನ್ನು ಉಕ್ಕಿನ ಟ್ರೇಗಳಲ್ಲಿ ಬಿಸಿಯಾಗಿ ಇಟ್ಟಿರುವ ಕಡೆ ಸ್ವಲ್ಪ ಹೊತ್ತು ನಿಂತು ನೋಡಬೇಕು. ಆ ಟ್ರೇಗಳಿಂದ ಹಬೆ ಏಳುತ್ತಿದೆಯೇ, ಸಾರಿನ ಮೇಲೆ ಕೆನೆಗಟ್ಟಿದಂಥ ಪದರ ಬಂದಿದೆಯೇ, ಅಂಚುಗಳು ಒಣಗಿ ಕಪ್ಪಾಗಿವೆಯೇ, ಮುಗಿಯುತ್ತ ಬಂದ ಟ್ರೇಯನ್ನು ತೆಗೆದು ಹೊಸದನ್ನೇ ಇಡುತ್ತಾರೆಯೇ ಅಥವಾ ಹಳೆಯದರ ಮೇಲೆಯೇ ಹೊಸದನ್ನು ಸುರಿಯುತ್ತಾರೆಯೇ ಎಂಬುದು ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಬೇಯಿಸಿದ ಆಹಾರವನ್ನು ಬಡಿಸುವವರೆಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿ ಇಡಬೇಕು, ತಂಪಾಗಿಡಬೇಕಾದದ್ದನ್ನು 5 ಡಿಗ್ರಿಗಿಂತ ಕೆಳಗೆ ಇಡಬೇಕು, ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಬಿಡಬಾರದು. ಈ ಎರಡು ಅಂಕಿಗಳ ನಡುವಿನ ಬೆಚ್ಚನೆಯ ಹವೆಯಲ್ಲಿಯೇ ರೋಗಾಣುಗಳು ಬೇಗ ಬೆಳೆಯುವುದು. ಹಾಗಾಗಿ ಬಿಸಿಯಾದದ್ದು ನಿಜಕ್ಕೂ ಬಿಸಿಯಾಗಿರುವ ಕೌಂಟರಾದರೆ ಚಿಂತೆಯಿಲ್ಲ, ಉಗುರುಬೆಚ್ಚಗಿನದಾದರೆ ಮುಂದಿನ ಕೌಂಟರಿಗೆ ನಡೆಯುವುದು ಲೇಸು. ಸಾಲು ಉದ್ದವಿದ್ದರೂ ಬೇಗ ಬೇಗ ಮುಂದೆ ಸಾಗುತ್ತಿದ್ದರೆ ಅಲ್ಲಿ ಅಡುಗೆ ಹೊಸದಾಗಿ ಆಗುತ್ತಿದೆ ಎಂದೇ ತಿಳಿಯಬಹುದು. ಯಾರೂ ನಿಲ್ಲದ ಕೌಂಟರಿನಲ್ಲಿ ಕಾಯುವ ಕಷ್ಟವಿಲ್ಲ ನಿಜ, ಆದರೆ ಅಲ್ಲಿ ಕಾಯುತ್ತಿರುವುದು ಅಡುಗೆ.

ಬಡಿಸುವವರಿರುವ ರೆಸ್ಟೋರೆಂಟು ಇದಕ್ಕೆ ಪೂರ್ತಿ ಬೇರೆಯ ಅನುಭವ. ಅಲ್ಲಿ ಕುರ್ಚಿಗೆ ಒರಗು ಇರುತ್ತದೆ, ಚೀಲಗಳನ್ನು ಇಡಲು ಜಾಗವಿರುತ್ತದೆ, ಎಲ್ಲರ ತಟ್ಟೆಯೂ ಒಟ್ಟಿಗೆ ಬರುತ್ತದೆ, ಇದರಲ್ಲಿ ಏನೇನು ಹಾಕಿದ್ದೀರಿ ಎಂದು ಕೇಳಿದರೆ ಉತ್ತರಿಸಲು ಒಬ್ಬರು ಇರುತ್ತಾರೆ. ಕೊನೆಯ ಅನುಕೂಲವನ್ನು ಜನ ಕಡೆಗಣಿಸುವುದೇ ಹೆಚ್ಚು; ಆದರೆ ಉಪ್ಪು ಕಡಿಮೆ ಮಾಡಿಸಬೇಕಾದವರಿಗೆ, ಯಾವುದೋ ಒಂದು ಪದಾರ್ಥ ಒಗ್ಗದವರಿಗೆ ಉಳಿದೆಲ್ಲಕ್ಕಿಂತ ಮುಖ್ಯವಾದದ್ದು ಅದೇ. ಸಮಯದ ಲೆಕ್ಕವನ್ನು ಮಾತ್ರ ಸರಿಯಾಗಿ ಹಾಕಿಕೊಳ್ಳಬೇಕು. ಕೂರಲು ಕಾಯುವುದು, ಮೆನು ನೋಡುವುದು, ಅಡುಗೆ ಬರುವುದು, ತಿಂದು ಮುಗಿಸುವುದು, ಬಿಲ್ ತರಿಸಿ ಕೊಡುವುದು ಇಷ್ಟೂ ಸೇರಿ ಒಂದು ಗಂಟೆಗೆ ಕಡಿಮೆಯಾಗುವುದು ವಿರಳ, ರಜಾದಿನದ ಸಂಜೆಯಾದರೆ ಇನ್ನೂ ಹೆಚ್ಚು. ಸಿನಿಮಾ ಟಿಕೆಟ್ ಕೈಯಲ್ಲಿಟ್ಟುಕೊಂಡು ಇಂಥ ಕಡೆ ಕುಳಿತವರು ಅರ್ಧ ಊಟಕ್ಕೇ ಗಡಿಯಾರ ನೋಡಲು ತೊಡಗುತ್ತಾರೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಎರಡು. ಬಾಗಿಲಲ್ಲಿ ಮೇಜು ಸಿಗಲು ಎಷ್ಟು ಹೊತ್ತಾಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಅಡುಗೆ ಮನೆಯಿಂದ ಊಟ ಬರಲು ಎಷ್ಟು ಹೊತ್ತಾಗುತ್ತಿದೆ ಎಂಬುದನ್ನು ಬಹುತೇಕರು ಕೇಳುವುದಿಲ್ಲ. ಮೇಜುಗಳು ಖಾಲಿಯಿದ್ದೂ ಅಡುಗೆ ಮನೆಯ ಮೇಲೆ ಪಾರ್ಸೆಲ್ ಆರ್ಡರುಗಳ ಹೊರೆ ಬಿದ್ದಿರುವ ಸಂಜೆಗಳು ಈಗ ಸಾಮಾನ್ಯವಾಗಿವೆ.

ಒಂದೇ ಹೆಸರಿನಲ್ಲಿ ಹಲವು ಕಡೆ ಶಾಖೆಗಳಿರುವ ಸರಪಳಿ ರೆಸ್ಟೋರೆಂಟುಗಳಲ್ಲಿ ಒಂದು ತಟ್ಟೆಯ ಪ್ರಮಾಣ ದೊಡ್ಡದು. ಮೂವರಿಗೆ ಎರಡು ತಟ್ಟೆ ಸಾಲುವ ಕಡೆಗಳೇ ಹೆಚ್ಚು, ಮುಂದೆ ಸಿಹಿ ತಿನ್ನುವ ಯೋಚನೆಯಿದ್ದರಂತೂ ಹಾಗೆ ಹಂಚಿಕೊಳ್ಳುವುದೇ ಸರಿ. ಕೆಲವು ದೇಶಗಳಲ್ಲಿ ದೊಡ್ಡ ಸರಪಳಿಗಳು ಮೆನುವಿನಲ್ಲಿಯೇ ಕ್ಯಾಲೊರಿ ನಮೂದಿಸಬೇಕೆಂಬ ಕಾನೂನಿದೆ. ಅಮೆರಿಕದಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ಶಾಖೆಗಳಿರುವ ಸರಪಳಿಗಳಿಗೆ 2018ರಿಂದ, ಇಂಗ್ಲೆಂಡಿನಲ್ಲಿ 250 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳಿಗೆ 2022ರಿಂದ ಇದು ಅನ್ವಯಿಸುತ್ತಿದೆ. ಅಂಕಿ ಇರುವ ಕಡೆ ಅದನ್ನು ಓದಿ ನೋಡಿದರೆ ಹಗುರವೆಂದು ಆರಿಸಿದ ಸಲಾಡ್ ಮೇಲೆ ಸುರಿದ ಡ್ರೆಸಿಂಗ್‌ನಿಂದಾಗಿ ಎಷ್ಟು ಭಾರವಾಗಿದೆ ಎಂಬುದು ಅರಿವಾಗುತ್ತದೆ.

ಈ ಎರಡರ ನಡುವೆ ಇನ್ನೊಂದು ಬಗೆಯಿದೆ. ಕೌಂಟರಿನಲ್ಲಿ ಹೇಳಿ, ಹಣ ಕೊಟ್ಟು, ತನ್ನದೇ ಆದ ಕೂರುವ ಜಾಗವಿರುವ ಅಂಗಡಿಯಲ್ಲಿ ತಿನ್ನುವಂಥದ್ದು. ಅನ್ನ, ಕಾಳು, ತರಕಾರಿ, ಸಾಸು ಇವುಗಳನ್ನು ಸಾಲಾಗಿ ಇಟ್ಟು ನಾವು ಬೆರಳು ತೋರಿಸಿದ್ದನ್ನು ಬೋಗುಣಿಗೆ ಹಾಕಿಕೊಡುವ ಮಳಿಗೆಗಳು ಈ ಗುಂಪಿನವು. ಮುಕ್ಕಾಲು ಗಂಟೆಯೊಳಗೆ ತಿಂದು ಏಳಬೇಕಾದ ಇಬ್ಬರು ಮೂವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆಯಿಲ್ಲ ಎಂದು ನಾನು ಖಚಿತವಾಗಿ ಹೇಳಬಲ್ಲೆ: ಹಾಕುತ್ತಿರುವುದು ಏನು, ಎಷ್ಟು ಎಂಬುದು ಕಣ್ಣೆದುರೇ ಇರುತ್ತದೆ, ಬೇಡವಾದದ್ದನ್ನು ಬಾಯಿ ತೆರೆದು ಬೇಡವೆನ್ನಬಹುದು. ಎಂಟು ಹತ್ತು ಜನರ ಗುಂಪಿಗೆ ಮಾತ್ರ ಇದು ಒಗ್ಗುವುದಿಲ್ಲ. ಮೇಜುಗಳು ಚಿಕ್ಕವು, ಒಬ್ಬೊಬ್ಬರೂ ಸಾಲಿನಲ್ಲಿ ನಿಂತು ಆರಿಸುವಷ್ಟರಲ್ಲಿ ಹಿಂದಿನವರು ಅಸಹನೆಗೊಳ್ಳುತ್ತಾರೆ. ಕೆಫೆಯ ವಿಷಯ ಚಿಕ್ಕದು. ಊಟಕ್ಕೆಂದು ಕೆಫೆಗೆ ಹೋಗುವುದರಲ್ಲಿ ಹುರುಳಿಲ್ಲ, ಅಲ್ಲಿನ ಸ್ಯಾಂಡ್‌ವಿಚ್ ಹೆಚ್ಚಾಗಿ ಬೇರೆಲ್ಲೋ ತಯಾರಾಗಿ ಬಂದು ಇಲ್ಲಿ ಬಿಸಿಯಾಗುವಂಥದ್ದು. ಒಬ್ಬರೇ ಇದ್ದು, ಕಾಲಿಗೆ ವಿಶ್ರಾಂತಿ ಬೇಕಿದ್ದು, ಹಸಿವು ಅಷ್ಟೇನೂ ಇಲ್ಲದಿದ್ದಾಗ ಕೆಫೆಯೇ ಸೂಕ್ತ.

ಈಗ ಸಿಹಿಗೆ ಬರೋಣ. ಮೊದಲ ಪ್ರಶ್ನೆ: ಊಟ ಮಾಡಿದ ರೆಸ್ಟೋರೆಂಟಿನಲ್ಲಿಯೇ ಸಿಹಿ ತರಿಸಬೇಕೇ? ನನ್ನ ಉತ್ತರ ಸಾಮಾನ್ಯವಾಗಿ ಬೇಡ ಎಂದೇ. ಸರಪಳಿ ರೆಸ್ಟೋರೆಂಟುಗಳ ಚೀಸ್‌ಕೇಕ್, ಬ್ರೌನಿ, ಚಾಕೊಲೇಟ್ ಕೇಕುಗಳಲ್ಲಿ ಹೆಚ್ಚಿನವು ಕೇಂದ್ರ ಅಡುಗೆಮನೆಯಿಂದಲೋ ಕಾರ್ಖಾನೆಯಿಂದಲೋ ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಬರುತ್ತವೆ. ಅವು ಕೆಟ್ಟದಾಗಿರಬೇಕೆಂದೇನಿಲ್ಲ, ಚೀಸ್‌ಕೇಕ್ ಹೆಪ್ಪುಗಟ್ಟಿ ಕರಗಿದರೂ ಚೆನ್ನಾಗಿಯೇ ಇರುತ್ತದೆ. ಆದರೆ ಅದೇ ಕಟ್ಟಡದಲ್ಲಿ ಐವತ್ತು ಹೆಜ್ಜೆ ದೂರದಲ್ಲಿ ಒಬ್ಬರು ಈಗಷ್ಟೇ ಕಾದ ಕಬ್ಬಿಣದ ಅಚ್ಚಿಗೆ ಹಿಟ್ಟು ಸುರಿದು ಬಿಸಿ ವಾಫಲ್ ತೆಗೆಯುತ್ತಿರುವಾಗ ಕರಗಿಸಿದ ಕೇಕಿಗೆ ಕುಳಿತಲ್ಲೇ ಕುಳಿತಿರಲು ಕಾರಣವಿಲ್ಲ. ಊಟದ ಬಿಲ್ ಕೊಟ್ಟು ಎದ್ದು ಸ್ವಲ್ಪ ನಡೆಯುವುದರಿಂದ ಇನ್ನೊಂದು ಲಾಭವಿದೆ. ಒಂದೇ ರುಚಿಯನ್ನು ತಿಂದು ತಿಂದು ಸಾಕೆನಿಸಿದ ನಾಲಗೆಗೆ ಬೇರೆ ರುಚಿ ಬಂದೊಡನೆ ಮತ್ತೆ ಆಸೆ ಹುಟ್ಟುವುದು ಸಹಜ. ಉಪ್ಪುಖಾರದಿಂದ ತುಂಬಿದ ಹೊಟ್ಟೆ ಸಿಹಿಗೆ ಜಾಗವಿದೆ ಎನ್ನುವುದು ಹೀಗೆಯೇ. ಹತ್ತು ಹದಿನೈದು ನಿಮಿಷ ಅಡ್ಡಾಡಿದ ಮೇಲೂ ಆ ಆಸೆ ಉಳಿದಿದೆಯೇ, ಉಳಿದಿದ್ದರೆ ಎಷ್ಟು ಎಂಬುದು ಸರಿಯಾಗಿ ತಿಳಿಯುತ್ತದೆ. ಊಟದ ಮೇಜು ಖುಷಿಯಾಗಿದ್ದು, ಯಾರದೋ ಹುಟ್ಟುಹಬ್ಬವಾಗಿದ್ದು, ಹಿರಿಯರು ಮತ್ತೆ ನಡೆಯಲಾರದೆ ಇದ್ದರೆ ಮಾತ್ರ ಅಲ್ಲಿಯೇ ತರಿಸಿ ಹಂಚಿಕೊಳ್ಳುವುದು ಸರಿ.

ತಣ್ಣನೆಯ ಸಿಹಿಗಳಲ್ಲಿ ಆಯ್ಕೆ ಬಲು ದೊಡ್ಡದು, ಗೊಂದಲವೂ ಅಷ್ಟೇ ದೊಡ್ಡದು. ಐಸ್‌ಕ್ರೀಮ್, ಜೆಲಾಟೊ, ಸಾಫ್ಟಿ, ಫ್ರೋಜನ್ ಯೋಗರ್ಟ್, ಸೋರ್ಬೆ ಎಲ್ಲವೂ ಕಪ್ಪಿನಲ್ಲಿ ಒಂದೇ ಬಗೆಯಾಗಿ ಕಾಣುತ್ತವೆ. ಅವುಗಳನ್ನು ಬೇರೆ ಮಾಡುವುದು ಮುಖ್ಯವಾಗಿ ಮೂರು ಸಂಗತಿಗಳು: ಒಳಗಿರುವ ಗಾಳಿ, ಕೊಬ್ಬು, ಬಡಿಸುವಾಗಿನ ತಂಪು. ಐಸ್‌ಕ್ರೀಮನ್ನು ಹೆಪ್ಪುಗಟ್ಟಿಸುವಾಗ ಕಡೆಯುತ್ತಾರೆ, ಆಗ ಗಾಳಿ ಸೇರಿ ಅದು ಉಬ್ಬುತ್ತದೆ. ಅಗ್ಗದ ಐಸ್‌ಕ್ರೀಮಿನಲ್ಲಿ ಈ ಉಬ್ಬು ನೂರಕ್ಕೆ ನೂರರವರೆಗೂ ಹೋಗಬಹುದು, ಅಂದರೆ ನಿಮ್ಮ ಕಪ್ಪಿನಲ್ಲಿ ಅರ್ಧದಷ್ಟು ಗಾಳಿ. ಅಮೆರಿಕದ ನಿಯಮದಂತೆ ಐಸ್‌ಕ್ರೀಮ್ ಎನಿಸಿಕೊಳ್ಳಲು ಕನಿಷ್ಠ ಶೇಕಡಾ 10ರಷ್ಟು ಹಾಲಿನ ಕೊಬ್ಬು ಇರಬೇಕು, ಒಂದು ಗ್ಯಾಲನ್ ಕನಿಷ್ಠ 4.5 ಪೌಂಡ್ ತೂಗಬೇಕು. ಲೀಟರಿಗೆ ಲೆಕ್ಕ ಹಾಕಿದರೆ ಇದು ಸುಮಾರು 540 ಗ್ರಾಂ. ಜೆಲಾಟೊದಲ್ಲಿ ಕೆನೆಗಿಂತ ಹಾಲು ಹೆಚ್ಚು, ಕೊಬ್ಬು ಸಾಮಾನ್ಯವಾಗಿ ಶೇಕಡಾ 4ರಿಂದ 8, ನಿಧಾನವಾಗಿ ಕಡೆಯುವುದರಿಂದ ಗಾಳಿ ಬಹಳ ಕಡಿಮೆ. ಹಾಗಾಗಿ ಅದು ಕಡಿಮೆ ಕೊಬ್ಬಿದ್ದೂ ಬಾಯಿಗೆ ಗಟ್ಟಿಯಾಗಿ, ತುಂಬಿದಂತೆ ಇರುತ್ತದೆ. ಐಸ್‌ಕ್ರೀಮಿಗಿಂತ ಸ್ವಲ್ಪ ಕಡಿಮೆ ತಂಪಿನಲ್ಲಿ ಬಡಿಸುವುದರಿಂದ ನಾಲಗೆ ಮರಗಟ್ಟದೆ ರುಚಿ ಬೇಗ ಗೊತ್ತಾಗುತ್ತದೆ. ಗಾತ್ರ ನೋಡಿ ಜೆಲಾಟೊ ಕಪ್ ಚಿಕ್ಕದೆಂದು ಬೇಸರಪಡುವವರು ಎರಡೂ ಕಪ್ಪುಗಳನ್ನು ಕೈಯಲ್ಲಿ ಹಿಡಿದು ತೂಗಿ ನೋಡಬೇಕು.

ಜೆಲಾಟೊ ಮಳಿಗೆಯ ಗಾಜಿನ ಮುಂದೆ ನಿಂತಾಗ ಎರಡು ವಿಷಯಗಳನ್ನು ಗಮನಿಸಿ. ಒಂದು ಬಣ್ಣ. ಬಾಳೆಹಣ್ಣಿನದು ಕಡು ಹಳದಿಯಾಗಿದ್ದರೆ, ಪಿಸ್ತಾದ್ದು ಗಿಣಿ ಹಸಿರಾಗಿದ್ದರೆ, ಪುದೀನದ್ದು ಹೊಳೆಯುವ ಹಸಿರಾಗಿದ್ದರೆ ಅಲ್ಲಿ ಬಣ್ಣ ಹಾಕಿದ್ದಾರೆ. ನಿಜವಾದ ಬಾಳೆಹಣ್ಣು ಅರೆದಾಗ ಮಾಸಲು ಬಿಳಿ ಅಥವಾ ಕಂದು ಛಾಯೆಗೆ ತಿರುಗುತ್ತದೆ, ಹುರಿದ ಪಿಸ್ತಾ ಅರೆದರೆ ಬರುವುದು ಮಂಕಾದ, ಕಂದು ಬೆರೆತ ಹಸಿರು. ಇನ್ನೊಂದು ರಾಶಿ. ಟ್ರೇಯ ಅಂಚಿನ ಮೇಲೆ ಒಂದು ಗೇಣು ಎತ್ತರಕ್ಕೆ ಅಲೆ ಅಲೆಯಾಗಿ ಪೇರಿಸಿ ಮೇಲೆ ಹಣ್ಣಿನ ಹೋಳು ಸಿಕ್ಕಿಸಿದ ಜೆಲಾಟೊ ಕಣ್ಣಿಗೆ ಚೆಂದ, ಆದರೆ ಅಷ್ಟು ಎತ್ತರದಲ್ಲಿ ತಂಪು ಒಂದೇ ಸಮನಾಗಿ ತಲುಪುವುದಿಲ್ಲ. ಮೇಲ್ಭಾಗ ಮೆದುವಾಗಿ ಮತ್ತೆ ಗಟ್ಟಿಯಾಗುತ್ತ ಹೋದಂತೆ ಮಂಜಿನ ಹರಳುಗಳು ದೊಡ್ಡದಾಗುತ್ತವೆ, ನಾಲಗೆಗೆ ಮರಳಿನಂತೆ ತಾಗುತ್ತವೆ. ಹಾಗೆ ಕರಗದೆ ನಿಲ್ಲಲೆಂದು ಕೆಲವು ಕಡೆ ಸ್ಥಿರಕಾರಿಗಳನ್ನೂ ಸಸ್ಯಜನ್ಯ ಕೊಬ್ಬನ್ನೂ ಹೆಚ್ಚಾಗಿ ಸೇರಿಸುವುದುಂಟು. ಟ್ರೇಯ ಮಟ್ಟಕ್ಕೆ ಸಮವಾಗಿ, ಚಪ್ಪಟೆಯಾಗಿ ಇಟ್ಟಿರುವ ಅಥವಾ ಮುಚ್ಚಳವಿರುವ ಉಕ್ಕಿನ ಡಬ್ಬಗಳಲ್ಲಿಟ್ಟಿರುವ ಮಳಿಗೆ ಸಿಕ್ಕರೆ ಒಳಗೆ ಏನಿದೆ ಎಂದು ಕಾಣದಿದ್ದರೂ ನಾನು ಅದನ್ನೇ ಆರಿಸುತ್ತೇನೆ. ರುಚಿ ನೋಡಲು ಒಂದು ಪುಟ್ಟ ಚಮಚ ಕೇಳಿದರೆ ಬಹುತೇಕ ಕಡೆ ಸಂತೋಷದಿಂದಲೇ ಕೊಡುತ್ತಾರೆ. ಕೇಳುವುದಾದರೆ ಚಾಕೊಲೇಟನ್ನು ಕೇಳಬೇಡಿ, ಅದರಲ್ಲಿ ಕೊರತೆಗಳು ಮುಚ್ಚಿಹೋಗುತ್ತವೆ. ಏನೂ ಬೆರೆಸದ ಹಾಲಿನದನ್ನೋ ವೆನಿಲಾವನ್ನೋ ಕೇಳಿ.

ಸಾಫ್ಟಿ ಎಂದರೆ ಯಂತ್ರದಿಂದ ಸುರುಳಿಯಾಗಿ ಇಳಿಯುವ ಮೆತ್ತನೆಯ ಐಸ್‌ಕ್ರೀಮ್. ಅದು ಸುಮಾರು ಮೈನಸ್ 6 ಡಿಗ್ರಿಯಲ್ಲಿ, ಆಗಷ್ಟೇ ಕಡೆದು ಇಳಿಯುವುದರಿಂದ ಹರಳುಗಟ್ಟಲು ಸಮಯವೇ ಇರುವುದಿಲ್ಲ; ಅದರ ನಯಕ್ಕೆ ಕಾರಣ ಇದೇ. ಆದರೆ ಕೊಬ್ಬು ಕಡಿಮೆ, ರುಚಿಗಳು ಎರಡೋ ಮೂರೋ. ಮಕ್ಕಳಿಗೆ, ನಡೆಯುತ್ತ ತಿನ್ನುವವರಿಗೆ ಇದು ಚೆನ್ನು. ಇದರ ಒಳ್ಳೆಯದು ಕೆಟ್ಟದ್ದೆಲ್ಲ ಯಂತ್ರದ ಶುಚಿತ್ವದ ಮೇಲೆ ನಿಂತಿದೆ. ಕೊಳವೆಯ ಬಾಯಲ್ಲಿ ಒಣಗಿದ ಹಾಲಿನ ಕರೆ, ಕೆಳಗಿನ ತಟ್ಟೆಯಲ್ಲಿ ಹುಳಿ ವಾಸನೆಯ ನೀರು ಕಂಡರೆ ಅಲ್ಲಿಂದ ಸರಿದುಬಿಡಿ. ಫ್ರೋಜನ್ ಯೋಗರ್ಟ್ ಹುಳಿಮಧುರ, ಕೊಬ್ಬು ಕಡಿಮೆ, ಹಾಗಾಗಿ ಆರೋಗ್ಯಕ್ಕೆ ಒಳ್ಳೆಯದೆಂಬ ಹೆಸರು ಪಡೆದಿದೆ. ಮೊಸರಿನ ಹುಳಿಯನ್ನು ಸರಿದೂಗಿಸಲು ಹಾಕುವ ಸಕ್ಕರೆಯನ್ನೂ, ತೂಕದ ಮೇಲೆ ಬೆಲೆ ಕಟ್ಟುವ, ನಾವೇ ಬಡಿಸಿಕೊಳ್ಳುವ ಮಳಿಗೆಗಳಲ್ಲಿ ಕೈಗೆ ದೊಡ್ಡ ಬಟ್ಟಲು ಕೊಟ್ಟು ಮುಂದೆ ಬಿಸ್ಕತ್ತಿನ ಪುಡಿ, ಚಾಕೊಲೇಟ್ ಗುಂಡು, ಸಿರಪ್ಪುಗಳ ಸಾಲು ಇಡುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಆ ಹೆಸರು ಉಳಿಯುವುದು ತಿನ್ನುವವರ ಕೈಯಲ್ಲಿದೆ. ಬಟ್ಟಲಿನ ತಳ ಮುಚ್ಚುವಷ್ಟು ಯೋಗರ್ಟ್, ಮೇಲೆ ತಾಜಾ ಹಣ್ಣು, ಒಂದು ಚಮಚ ಬೀಜಗಳು ಎಂದು ನಿಂತರೆ ಇದಕ್ಕಿಂತ ಹಗುರವಾದ ಸಿಹಿ ಆ ಕಟ್ಟಡದಲ್ಲಿ ಸಿಗುವುದು ಕಷ್ಟ. ಹಾಲು ಒಗ್ಗದವರಿಗೆ ಸೋರ್ಬೆ ಇದೆ. ಹಣ್ಣು, ನೀರು, ಸಕ್ಕರೆ ಇಷ್ಟೇ ಅದರಲ್ಲಿರುವುದು. ಹೆಸರು ಹತ್ತಿರವಿರುವ ಶರ್ಬೆಟ್‌ನಲ್ಲಿ ಸ್ವಲ್ಪ ಹಾಲಿರುತ್ತದೆ ಎಂಬುದನ್ನು ಮರೆಯಬಾರದು.

ಬಿಸಿ ಸಿಹಿಗಳ ಅಳತೆಗೋಲು ಒಂದೇ: ಒಲೆಯಿಂದ ಇಳಿದು ಎಷ್ಟು ಹೊತ್ತಾಯಿತು. ಡೋನಟ್ ಎರಡು ಬಗೆ. ಯೀಸ್ಟ್ ಹಾಕಿ ಹುದುಗಿಸಿದ್ದು ಹಗುರ, ಒಳಗೆ ಬಲೆಯಂತೆ ಪೊಳ್ಳು. ಬೇಕಿಂಗ್ ಪೌಡರ್ ಹಾಕಿದ ಕೇಕ್ ಡೋನಟ್ ಒತ್ತಾಗಿ, ಪುಡಿಪುಡಿಯಾಗಿ ಇರುತ್ತದೆ. ಯೀಸ್ಟಿನದು ಕರಿದ ಒಂದೆರಡು ಗಂಟೆಯೊಳಗೆ ಅತ್ಯುತ್ತಮ, ಸಂಜೆಯ ಹೊತ್ತಿಗೆ ರಬ್ಬರಿನಂತಾಗುತ್ತದೆ. ಕೇಕ್ ಡೋನಟ್ ಮರುದಿನಕ್ಕೂ ತಡೆದೀತು. ಬೆಳಗ್ಗೆಯೇ ಕರಿದು ಕಪಾಟಿನಲ್ಲಿ ಜೋಡಿಸಿಟ್ಟ ಅಂಗಡಿಯಲ್ಲಿ ಇಳಿಹೊತ್ತಿಗೆ ಕೊಳ್ಳುವುದಾದರೆ ಕೇಕ್ ಡೋನಟ್ಟೇ ಸರಿ. ಎರಡನ್ನೂ ಮನೆಗೆ ತಂದು ಫ್ರಿಜ್ಜಿನಲ್ಲಿಡಬೇಡಿ. ಹಿಟ್ಟಿನ ಪಿಷ್ಟ ಗಟ್ಟಿಯಾಗುವ ಕ್ರಿಯೆ ಫ್ರಿಜ್ಜಿನ ತಂಪಿನಲ್ಲಿ ಇನ್ನೂ ಬೇಗ ನಡೆಯುತ್ತದೆ.

ವಾಫಲ್‌ನಲ್ಲಿಯೂ ಎರಡು ಪರಂಪರೆಗಳಿವೆ, ಎರಡೂ ಬೆಲ್ಜಿಯಂನವು. ಬ್ರಸೆಲ್ಸ್ ವಾಫಲ್ ನೀರಾದ ಹಿಟ್ಟಿನದು, ಆಯತಾಕಾರ, ಹೊರಗೆ ಗರಿ ಒಳಗೆ ಹಗುರ. ಲಿಯೇಜ್ ವಾಫಲ್ ನಾದಿದ ಯೀಸ್ಟ್ ಹಿಟ್ಟಿನದು. ಅದರೊಳಗೆ ಸೇರಿಸಿದ ದಪ್ಪ ಸಕ್ಕರೆಯ ಕಣಗಳು ಕಾದ ಕಬ್ಬಿಣಕ್ಕೆ ತಾಗಿ ಕರಗಿ, ಕಂದಾಗಿ, ಹೊರಗೆ ಗಾಜಿನಂಥ ತೊಗಟೆ ಕಟ್ಟುತ್ತವೆ. ಮೊದಲನೆಯದು ಮೇಲೆ ಹಣ್ಣನ್ನೋ ಕೆನೆಯನ್ನೋ ಕೇಳುತ್ತದೆ, ಎರಡನೆಯದಕ್ಕೆ ಏನೂ ಬೇಕಾಗಿಲ್ಲ. ಲಿಯೇಜ್ ವಾಫಲ್ ಮೇಲೆ ಚಾಕೊಲೇಟ್ ಸಾಸು ಸುರಿಸುವುದು ಅದರ ಗುಣವನ್ನೇ ಮುಚ್ಚಿಬಿಡುತ್ತದೆ. ಕಬ್ಬಿಣದ ಎರಡು ಫಲಕಗಳ ನಡುವಿನಿಂದ ಹಬೆ ಏಳುವುದು ಮೊದಲು ಜೋರಾಗಿರುತ್ತದೆ, ಆಮೇಲೆ ತೆಳುವಾಗುತ್ತದೆ. ಹಬೆ ನಿಲ್ಲುತ್ತ ಬಂದಾಗ ತೆಗೆದ ವಾಫಲ್ ಗರಿಗರಿಯಾಗಿರುತ್ತದೆ; ಸಾಲು ಬೆಳೆದಿದೆಯೆಂದು ಅವಸರದಲ್ಲಿ ತೆಗೆದದ್ದು ಐದು ನಿಮಿಷದೊಳಗೆ ಜೋತುಬೀಳುತ್ತದೆ. ಮೊದಲೇ ಮಾಡಿ ಪೇರಿಸಿಟ್ಟದ್ದನ್ನು ಬಿಸಿ ಮಾಡಿ ಕೊಡುವ ಮಳಿಗೆಯಾದರೆ ನನಗದು ಬೇಡ. ಕುಕೀ ಮತ್ತು ದಾಲ್ಚಿನ್ನಿ ಸುರುಳಿಯ ಮಳಿಗೆಗಳು ಒಲೆಯನ್ನು ದಾರಿಯ ಕಡೆಗೇ ಇಟ್ಟಿರುತ್ತವೆ, ಪರಿಮಳವೇ ಅವರ ಜಾಹೀರಾತು. ಪರಿಮಳ ಬರುತ್ತಿರುವುದರಿಂದಲೇ ಕೈಗೆ ಬರುವುದು ಬಿಸಿಯದೆಂದು ತಿಳಿಯಬೇಡಿ, ಮುಂದಿನ ಟ್ರೇ ಯಾವಾಗ ಹೊರಬರುತ್ತದೆ ಎಂದು ಕೇಳಿ. ಹತ್ತು ನಿಮಿಷ ಎಂದರೆ ಕಾಯುವುದು ಲಾಭ.

ಕೇಕ್, ಪೇಸ್ಟ್ರಿ, ಚಾಕೊಲೇಟ್ ಅಂಗಡಿಗಳು ಅಲ್ಲಿಯೇ ತಿನ್ನುವುದಕ್ಕಿಂತ ಒಯ್ಯುವುದಕ್ಕೆ ಸೂಕ್ತ. ಚಾಕೊಲೇಟ್ ಆರಿಸುವಾಗ ಪದಾರ್ಥಗಳ ಪಟ್ಟಿಯಲ್ಲಿ ಕೋಕೋ ಬೆಣ್ಣೆ ಇದೆಯೇ, ಅದರ ಬದಲಿಗೆ ಬೇರೆ ಸಸ್ಯಜನ್ಯ ಕೊಬ್ಬಿದೆಯೇ ಎಂದು ನೋಡಿ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಯಲ್ಲಿ, ಮೈಯ ಬಿಸಿಗಿಂತ ಸ್ವಲ್ಪ ಕೆಳಗೆ ಕರಗುತ್ತದೆ. ಬಾಯಲ್ಲಿಟ್ಟೊಡನೆ ಕರಗುವುದು ಅದರಿಂದ. ಬೇರೆ ಕೊಬ್ಬಿನದು ಅಂಗುಳಿಗೆ ಮೇಣದಂತೆ ಅಂಟಿಕೊಳ್ಳುತ್ತದೆ.

ಕುಡಿಯುವ ಸಿಹಿಗಳ ಬಗ್ಗೆ ಎಚ್ಚರ ಹೆಚ್ಚು ಬೇಕು, ಏಕೆಂದರೆ ಅವುಗಳನ್ನು ಯಾರೂ ಸಿಹಿತಿಂಡಿಯೆಂದು ಎಣಿಸುವುದಿಲ್ಲ. ದೊಡ್ಡ ಮಿಲ್ಕ್‌ಶೇಕ್ ಎಂದರೆ ಹಲವು ಸ್ಕೂಪ್ ಐಸ್‌ಕ್ರೀಮನ್ನು ಹಾಲು, ಸಿರಪ್ಪುಗಳೊಂದಿಗೆ ಕುಡಿದಂತೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಸೇರಿಸಿದ ಸಕ್ಕರೆ ಮೊದಲಾದ ಮುಕ್ತ ಸಕ್ಕರೆಗಳಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇಕಡಾ 10ನ್ನು ಮೀರಬಾರದು. ದಿನಕ್ಕೆ 2000 ಕ್ಯಾಲೊರಿಯ ಊಟದಲ್ಲಿ ಇದು ಸುಮಾರು 50 ಗ್ರಾಂ. ಶೇಕಡಾ 5ಕ್ಕೆ, ಅಂದರೆ 25 ಗ್ರಾಂಗೆ ಇಳಿಸಿದರೆ ಇನ್ನೂ ಒಳ್ಳೆಯದೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಒಂದು ದೊಡ್ಡ ಶೇಕ್ ಆ ಮಿತಿಯನ್ನು ಒಂದೇ ಸಲಕ್ಕೆ ದಾಟಬಲ್ಲದು. 1980ರ ದಶಕದಲ್ಲಿ ತೈವಾನಿನಲ್ಲಿ ಹುಟ್ಟಿದ, ಅಗಿಯುವ ಗುಂಡುಗಳನ್ನು ಹಾಕಿದ ಬಬಲ್ ಟೀ ಎಂಬ ಚಹಾದಲ್ಲಿ ಒಂದು ಒಳ್ಳೆಯ ರೂಢಿಯಿದೆ, ಸಕ್ಕರೆ ಎಷ್ಟು ಭಾಗ ಎಂದು ಕೇಳಿಯೇ ಹಾಕುತ್ತಾರೆ. ಶೇಕಡಾ 30 ಎಂದರೂ ಸಿಹಿ ಸಾಲುತ್ತದೆ, ಏಕೆಂದರೆ ಕಪ್ಪಗಿನ ಟ್ಯಾಪಿಯೋಕ (ಮರಗೆಣಸಿನ ಪಿಷ್ಟದ) ಗುಂಡುಗಳು ತಾವೇ ಸಕ್ಕರೆ ಪಾಕದಲ್ಲಿ ನೆನೆದಿರುತ್ತವೆ. ಗುಂಡು ಅಗಿದಾಗ ಮೆದುವಾಗಿ ಹಿಂದಕ್ಕೆ ಒತ್ತಬೇಕು. ನಡುವೆ ಗಟ್ಟಿ ಕಾಳಿನಂತೆ ಸಿಕ್ಕರೆ ಅದು ಸರಿಯಾಗಿ ಬೆಂದಿಲ್ಲ, ಇಲ್ಲವೇ ಬೇಯಿಸಿ ಬಹಳ ಹೊತ್ತಾಗಿದೆ. ಚಿಕ್ಕ ಮಕ್ಕಳಿಗೆ ಇದನ್ನು ಕೊಡಲೇಬಾರದು. ಅಗಲವಾದ ಸ್ಟ್ರಾದಲ್ಲಿ ರಭಸದಿಂದ ಏರಿ ಬರುವ ಗುಂಡು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ.

ಅಲರ್ಜಿ ಇರುವವರಿಗೆ ಮೇಲಿನ ಹೋಲಿಕೆಯಲ್ಲಿ ಹೆಚ್ಚಿನದು ಅನ್ವಯಿಸುವುದಿಲ್ಲ, ಅವರಿಗೆ ರುಚಿಗಿಂತ ಮೊದಲು ಬರುವ ಪ್ರಶ್ನೆ ಬೇರೆ. ಯುರೋಪಿಯನ್ ಒಕ್ಕೂಟದಲ್ಲಿ 14 ಬಗೆಯ ಅಲರ್ಜಿಕಾರಕಗಳನ್ನು ತಿಳಿಸುವುದು ಕಡ್ಡಾಯ. ಅಮೆರಿಕದಲ್ಲಿ 2023ರಿಂದ ಎಳ್ಳು ಸೇರಿ ಪ್ರಮುಖ ಅಲರ್ಜಿಕಾರಕಗಳ ಸಂಖ್ಯೆ 9 ಆಗಿದೆ. ಪಟ್ಟಿಯಲ್ಲಿ ಇಲ್ಲದಿದ್ದರೂ ಅಪಾಯ ಇರುವ ಜಾಗವೆಂದರೆ ಐಸ್‌ಕ್ರೀಮ್ ಕೌಂಟರು. ಎಲ್ಲ ಸ್ಕೂಪುಗಳನ್ನೂ ಒಂದೇ ನೀರಿನಲ್ಲಿ ಅದ್ದುತ್ತಾರೆ, ಗೋಡಂಬಿಯದನ್ನು ತೆಗೆದ ಸ್ಕೂಪು ವೆನಿಲಾಕ್ಕೂ ಇಳಿಯುತ್ತದೆ. ಹೊಸ ಡಬ್ಬ ತೆರೆದು ಒಗೆದ ಸ್ಕೂಪಿನಿಂದ ಕೊಡಲು ಕೇಳಿಕೊಳ್ಳಬಹುದು, ಆದರೆ ತೀವ್ರ ಅಲರ್ಜಿಯಿದ್ದರೆ ಮುಚ್ಚಿದ ಪೊಟ್ಟಣದ, ಪದಾರ್ಥ ಪಟ್ಟಿ ಅಚ್ಚಾಗಿರುವ ಐಸ್‌ಕ್ರೀಮೇ ಸುರಕ್ಷಿತ. ಕರಿದ ಸಿಹಿಗಳ ವಿಷಯದಲ್ಲಿ ಅದೇ ಎಣ್ಣೆಯಲ್ಲಿ ಬೇರೇನನ್ನು ಕರಿಯುತ್ತಾರೆ ಎಂದು ಕೇಳಬೇಕು. ಸಸ್ಯಾಹಾರಿಗಳೂ ಈ ಪ್ರಶ್ನೆಯನ್ನು ಕೇಳುವುದು ಒಳ್ಳೆಯದು.

ಇಷ್ಟೆಲ್ಲ ನೋಡಿದ ಮೇಲೆ ಒಂದು ಸಂಜೆಯ ಲೆಕ್ಕ ಹೀಗೆ ಹಾಕಬಹುದು. ಮಕ್ಕಳೊಡನೆ ಬಂದ ಸಂಸಾರ ಊಟದ ಹೊತ್ತಿಗೆ ಮುಂಚೆ ಫುಡ್ ಕೋರ್ಟಿನಲ್ಲಿ ಹಗುರವಾಗಿ ತಿಂದು, ಖರೀದಿ ಮುಗಿಸಿ, ಹೊರಡುವ ಮುನ್ನ ಸಾಫ್ಟಿಯನ್ನೋ ಜೆಲಾಟೊವನ್ನೋ ಕೂತು ತಿನ್ನಲಿ. ಕೋನಿಗಿಂತ ಕಪ್ ಕೊಡಿಸಿ, ಬಟ್ಟೆ ಉಳಿಯುತ್ತದೆ. ಬಹಳ ದಿನಗಳ ಮೇಲೆ ಕೂಡಿದ ಗೆಳೆಯರು ರೆಸ್ಟೋರೆಂಟಿನಲ್ಲಿ ಎರಡು ಗಂಟೆ ಕುಳಿತು ಮಾತಾಡಲಿ, ಊಟವನ್ನು ಹಂಚಿಕೊಂಡು, ಸಿಹಿಗೆ ಎದ್ದು ವಾಫಲ್ ಮಳಿಗೆಗೆ ಹೋಗಲಿ. ವಯಸ್ಸಾದ ತಂದೆತಾಯಿಯರನ್ನು ಕರೆತಂದವರು ಲಿಫ್ಟಿಗೂ ಶೌಚಾಲಯಕ್ಕೂ ಹತ್ತಿರವಿರುವ, ಕುರ್ಚಿಗೆ ಕೈ ಇರುವ ಜಾಗವನ್ನು ಮೊದಲು ಹುಡುಕಲಿ, ಮೆನು ಆಮೇಲೆ. ಮನೆಯಲ್ಲಿ ಉಳಿದವರಿಗೆ ಏನಾದರೂ ಒಯ್ಯುವುದಿದ್ದರೆ ಅದನ್ನು ಎಲ್ಲಕ್ಕಿಂತ ಕೊನೆಗೆ ಕೊಳ್ಳಬೇಕು. ಕುಕೀ, ಚಾಕೊಲೇಟ್, ಕೆನೆಯಿಲ್ಲದ ಕೇಕ್ ಹೇಗಿದ್ದರೂ ಪ್ರಯಾಣ ತಡೆಯುತ್ತವೆ. ಕೆನೆ ಹಚ್ಚಿದ ಪೇಸ್ಟ್ರಿಯ ಪೆಟ್ಟಿಗೆಯನ್ನು ಕಾರಿನ ನೆಲದ ಮೇಲೆ ಸಮತಟ್ಟಾಗಿ, ಬಿಸಿಲು ಬೀಳದ ಕಡೆ ಇಡಬೇಕು. ಡಬ್ಬದ ಐಸ್‌ಕ್ರೀಮ್ ಬೇಕೆಂದರೆ ಶಾಖ ತಡೆಯುವ ಚೀಲದಲ್ಲಿ ಮಂಜಿನ ಪೊಟ್ಟಣದೊಡನೆ ಹಾಕಿಸಿಕೊಳ್ಳಿ, ದಾರಿ ಅರ್ಧ ಗಂಟೆಗಿಂತ ಹೆಚ್ಚಿನದಾದರೆ ಬೇಡವೆನ್ನಿ. ಪೂರ್ತಿ ಕರಗಿದ್ದನ್ನು ಫ್ರೀಜರಿನಲ್ಲಿ ಮತ್ತೆ ಗಟ್ಟಿಮಾಡಿದರೆ ಕಡೆದು ತುಂಬಿದ್ದ ಗಾಳಿ ಹೋಗಿ, ಹರಳು ಹರಳಾದ ಸಿಹಿ ಮಂಜುಗಡ್ಡೆಯಷ್ಟೇ ಉಳಿಯುತ್ತದೆ; ಹೊರಗೆ ಬಹಳ ಹೊತ್ತು ಕರಗಿ ನಿಂತದ್ದಾದರೆ ಅದನ್ನು ತಿನ್ನದೆ ಚೆಲ್ಲುವುದೇ ಕ್ಷೇಮ.